ಉಣ್ಣುವವನನ್ನು ಎಬ್ಬಿಸಬಾರದು

ಎರಡು ಸಲ ಸೋಪು ಹಚ್ಚಿ ತೊಳೆದರೂ ಬಲಗೈಯಿಂದ ಹುರುಳಿಕಾಳು ಸಾರಿನ ವಾಸನೆ ಹೋಗಿಲ್ಲ. ಇವತ್ತು ಮಧ್ಯಾಹ್ನ, ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿ, ಮೊದಲ ಬಾರಿಗೆ ನಾನು ಅರ್ಧ ಊಟದಲ್ಲಿ ಎದ್ದೆ. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಕಡೆಯ ಮನೆಗಳಲ್ಲಿ ಉಂಡವರಾಗಿದ್ದರೆ ಹಾಗನ್ನಿಸದು. ಸಿಡಿಲೇ ಬೀಳಲಿ, ಉಣ್ಣುವವನನ್ನು ಎಬ್ಬಿಸಬಾರದೆಂಬುದು ಇಲ್ಲಿಯ ಕಟ್ಟಳೆ.

ಅದನ್ನು ನನಗೆ ಕಲಿಸಿದವಳು ತಾಳ್ಯದ ಸೋದರತ್ತೆ. ಅಂಗಳದಲ್ಲಿ ನವಣೆ ಕುಟ್ಟುತ್ತ, ಒನಕೆಯ ಏಟಿಗೊಂದು ಮಾತಿನಂತೆ, ದುರ್ಗದ ಕೋಟೆಯ ಕಥೆ ಹೇಳುವಳು. ಕಾವಲುಗಾರ ಊಟಕ್ಕೆ ಕುಳಿತಿದ್ದಾನೆ. ನೀರಿಗೆ ಹೋದ ಹೆಂಡತಿ ಬಂಡೆಯ ಸಂದಿಯಲ್ಲಿ ನುಸುಳಿ ಬರುತ್ತಿರುವ ಶತ್ರುಗಳನ್ನು ಕಾಣುತ್ತಾಳೆ. ಗಂಡನನ್ನು ಕರೆಯದೆ, ಕೈಗೆ ಸಿಕ್ಕ ಒನಕೆ ಹಿಡಿದು ತಾನೇ ಸಂದಿಯ ಬಾಯಿಗೆ ನಿಲ್ಲುತ್ತಾಳೆ.

“ಕೂಗಿದ್ರೆ ಆಗ್ತಿರ್ಲಿಲ್ವೇನತ್ತೆ?” ಎಂದು ನಾನು ಪ್ರತಿಸಲವೂ ಕೇಳುತ್ತಿದ್ದೆ.

“ಲೇ, ಉಣ್ಣೋನ್ನ ಹೆಂಗ್ ಕೂಗ್ತಾರೋ? ಬಾಯಿ ಮುಚ್ಕಂಡು ಆ ಮೊರ ಈ ಕಡೆ ತಳ್ಳು.”

ಮೊರ ತಳ್ಳಿದೆ, ಬಾಯಿ ಮುಚ್ಚಲಿಲ್ಲ. ಶಾಲೆಯನ್ನು ಬೇಗ ಬಿಟ್ಟು ಹೊಳಲ್ಕೆರೆಯಲ್ಲಿ ದರ್ಜಿಯಾದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೈಗೆ ಸಿಕ್ಕ ಇತಿಹಾಸವನ್ನೆಲ್ಲ ಓದಿದೆ. ಓದಿದಂತೆಲ್ಲ ಅನುಮಾನ ಬಲಿಯಿತು. ಒಮ್ಮೆ ಅಂಗಡಿಯ ಟೇಪು ಹಿಡಿದು ಕೋಟೆ ಹತ್ತಿ ಆ ಸಂದಿಯನ್ನೇ ಅಳೆದು ಬಂದೆ. ಒಬ್ಬೊಬ್ಬನೇ ಬಗ್ಗಿ ಬರಬೇಕಾದಷ್ಟು ಇಕ್ಕಟ್ಟು. ಅಲ್ಲಿಗೆ ಕಥೆ ಸರಿ. ನನ್ನ ತಕರಾರಿದ್ದದ್ದು ಊಟದ ಬಗ್ಗೆ. ಕೋಟೆಯೇ ಕೈತಪ್ಪುವ ಹೊತ್ತಿನಲ್ಲಿ ಯಾವಳು ಗಂಡನ ತುತ್ತು ಕಾಯುತ್ತಾಳೆ? ಇದು ಯಾವನೋ ಗಂಡಸು ಆಮೇಲೆ ಹಚ್ಚಿದ ತೇಪೆ ಎಂದು ದುರ್ಗದ ಸಭೆಯೊಂದರಲ್ಲಿ ಎದ್ದು ನಿಂತು ವಾದಿಸಿದೆ.

“ಧೈರ್ಯದ ಪಾಠ ಕೇಳಾಣ ಅಂತ ಎಲ್ಲಾರೂ ಬಂದವ್ರೆ, ನೀವು ಊಟದ ಇಚಾರ ತೆಗೀತೀರಲ್ರಿ. ಕುಂತ್ಕಳ್ರಿ ಯಜಮಾನ್ರೇ,” ಎಂದರು ಸಭೆ ನಡೆಸುತ್ತಿದ್ದವರು.

ಕುಳಿತೆ. ಊರಿಗೆ ಮರಳುವ ಬಸ್ಸಿನಲ್ಲಿ, ಸಭೆಗೆ ಜೊತೆಗೆ ಬಂದಿದ್ದ ಹೆಂಡತಿ, “ಅಷ್ಟು ಅಳತೆ ತಗಂಡೀರಿ, ಬಂಡೆಗೊಂದು ಜುಬ್ಬ ಹೊಲ್ದು ಕೊಡ್ರಿ,” ಎಂದಳು.

ಹೋದ ತಿಂಗಳು ಒಂದು ಬೆಳಿಗ್ಗೆ ಅವಳು ಮಾಡದಕೆರೆಯ ತಂಗಿಯನ್ನು ನೋಡಿ ಬರುತ್ತೇನೆಂದು ಹೊರಟಳು. ಮರಳಿದಾಗ ನಾನು ಊಟಕ್ಕೆ ಕುಳಿತಿದ್ದೆ. ಚೀಲವಿಟ್ಟು, ಇನ್ನರ್ಧ ಮುದ್ದೆ ಹಾಕಿದಳು, ಮಜ್ಜಿಗೆ ಬಡಿಸಿದಳು. ನಾನು ಕೈ ತೊಳೆದು ಬಂದ ಮೇಲೆ ಟವೆಲ್ಲು ಕೊಡುತ್ತ ಹೇಳಿದಳು:

“ನಾನು ಹೋಗಿದ್ದು ದುರ್ಗದ ಆಸ್ಪತ್ರೆಗೆ. ಕತ್ತಿನಾಗೆ ಒಂದು ಗಂಟು ಐತೆ. ಸೂಜಿ ಹಾಕಿ ಪರೀಕ್ಷೆಗೆ ತಗಂಡವ್ರೆ. ಕೆಟ್ಟದ್ದೋ ಏನೋ ಸೋಮವಾರ ಹೇಳ್ತಾರಂತೆ.”

“ಬಂದ ಕೂಡ್ಲೇ ಹೇಳ್ಬಾರ್ದಿತ್ತಾ?”

“ನೀವು ಉಣ್ತಿದ್ರಿ.”

ತಾಳ್ಯದ ಅತ್ತೆ ಈಗ ಎಲ್ಲಿದ್ದರೂ ನಕ್ಕಿರಬೇಕು.

ಸೋಮವಾರದವರೆಗೆ ನಾನು ಯಾವ ಪುಸ್ತಕವನ್ನೂ ತೆರೆಯಲಿಲ್ಲ. ಕೋಟೆ ಮುತ್ತಿಗೆಯನ್ನು ಹೇಗೆ ತಡೆಯಿತೆಂದು ಬರೆದವರಿದ್ದಾರೆ. ಒಳಗಿದ್ದವರು ದಿನವನ್ನು ಹೇಗೆ ದೂಡಿದರೆಂದು ಬರೆದವರನ್ನು ನಾನು ಕಾಣೆ. ಅವಳು ಅವರೆಕಾಯಿ ಸುಲಿದಳು. ನಾನು ಯಾರೂ ಹೇಳದ ಗುಂಡಿಗಳನ್ನು ಹೊಲಿದೆ.

ಸೋಮವಾರ ಇಬ್ಬರೂ ಹೊರಟೆವು. ಬಸ್ಸಿನ ಕಿಟಕಿಯಲ್ಲಿ ಕೋಟೆಯ ಬಂಡೆಗಳು ಕಾಣಿಸಿಕೊಂಡಾಗ ಅವಳ ಕೈ ಹಿಡಿದೆ.

“ಅವತ್ತು ಒಬ್ಳೇ ಹೋಗಾಕೆ ಹೆದ್ರಿಕೆ ಆಗ್ಲಿಲ್ವಾ?”

“ಆತು. ಆದ್ರೆ ನೀವು ಬಂದ್ರೆ ಡಾಕ್ಟ್ರ ಜತೆ ವಾದಕ್ಕೆ ನಿಲ್ತೀರಲ್ಲ.”

ವೈದ್ಯೆ ವರದಿ ನೋಡಿ, ಇದು ಕೆಟ್ಟ ಗಂಟಲ್ಲ, ಆಗಾಗ ಬಂದು ತೋರಿಸಿದರೆ ಸಾಕು ಎಂದರು. ಜೀವಮಾನವಿಡೀ ಯಾರು ಏನು ಹೇಳಿದರೂ ಅನುಮಾನಿಸಿದ ನಾನು ಆ ಒಂದು ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬಿದೆ. ಹೊರಗೆ ಬಂದು ಇಬ್ಬರೂ ಒಂದೊಂದು ಎಳನೀರು ಕುಡಿದೆವು. ಅಷ್ಟು ಸಿಹಿಯಾದ ಎಳನೀರು ಹಿರಿಯೂರಿನ ತೋಟಗಳಲ್ಲೂ ನನಗೆ ಸಿಕ್ಕಿರಲಿಲ್ಲ.

ಆದ್ದರಿಂದ ಊಟದ ಬಗೆಗಿನ ನನ್ನ ತಕರಾರನ್ನು ಹಿಂದಕ್ಕೆ ಪಡೆಯುತ್ತೇನೆ. ಬದಲಿಗೆ ಇನ್ನೊಂದನ್ನು ಎತ್ತಿಕೊಂಡಿದ್ದೇನೆ: ಒನಕೆ ಹಿಡಿದ ಆ ಹೆಣ್ಣುಮಗಳಿಗೆ ಹೆದರಿಕೆಯೇ ಆಗಲಿಲ್ಲವೆಂದು ಹೇಳುತ್ತಾರಲ್ಲ, ಅದು ಸುಳ್ಳು. ಹೆದರಿದ್ದಳು, ಹೆದರಿಯೇ ನಿಂತಳು. ಒಳಗೆ ನಿಶ್ಚಿಂತೆಯಾಗಿ ಉಣ್ಣುತ್ತಿದ್ದವನ ಬಗ್ಗೆ ಮಾತ್ರ ನನಗೆ ಈಗ ಕನಿಕರ.

“ಇನ್ನು ಮುಂದೆ ಉಣ್ಣುವಾಗ್ಲೂ ಕರಿ,” ಎಂದು ಅವಳಿಗೆ ಹೇಳಿದ್ದೆ.

“ಕರೆದ್ರೆ ಏನ್ ಮಾಡ್ತೀರಿ, ಟೇಪು ಹುಡುಕ್ತೀರಿ,” ಎಂದಿದ್ದಳು.

ಇವತ್ತು ಕರೆದಳು. ಅರ್ಧ ಮುದ್ದೆ ಇನ್ನೂ ತಟ್ಟೆಯಲ್ಲಿತ್ತು. “ಏಳ್ರಿ, ಮಾಳಿಗೆ ಮ್ಯಾಲೆ ಕೋತಿ ಬಂದೈತೆ, ಸಂಡಿಗೆ ಒಂದೂ ಉಳ್ಯಲ್ಲ.” ನಾನು ಎದ್ದೆ. ಕೈಗೆ ಸಿಕ್ಕಿದ್ದು ಮುದ್ದೆ ತೊಳಸುವ ಕೋಲು. ಮಂಡಿ ಕಟಕಟ ಎನ್ನುತ್ತ ಮೆಟ್ಟಿಲು ಹತ್ತಿದೆ. ಕೋತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಸಂಡಿಗೆ ಬಾಯಿಗಿಟ್ಟುಕೊಂಡು, ಪಕ್ಕದ ಮನೆಗೆ ನಿಧಾನವಾಗಿ ದಾಟಿತು.

“ಹೋತೇನ್ರಿ?” ಎಂದು ಕೆಳಗಿನಿಂದ ಕೇಳಿದಳು.

“ಹೋತು,” ಎಂದೆ. ಇಳಿದು ಬಂದಾಗ ಅವಳು ತಣ್ಣಗಾದ ಮುದ್ದೆಗೆ ಬಿಸಿ ಸಾರು ಸುರಿಯುತ್ತಿದ್ದಳು.