ಹೌದೆನ್ನುವ ಕತ್ತು

ದೋಹಾದ ನಮ್ಮ ಅನಿಮೇಷನ್ ಸ್ಟುಡಿಯೋಕ್ಕೆ ಮೆಕ್ಸಿಕೋದಿಂದ ಒಬ್ಬ ಚಿತ್ರಕಾರ ಪ್ರೊಬೇಷನ್ ಮೇಲೆ ಬಂದ. ಊರಿನಲ್ಲಿ ಮುಖವಾಡದ ಕುಸ್ತಿಪಟುಗಳ ಕಾಮಿಕ್ಸ್ ಬರೆದು ಹೆಸರು ಮಾಡಿ, ಆಮೇಲೆ ಅನಿಮೇಷನ್‌ಗೆ ಹೊರಳಿದವನು. ಮುಖವೇ ಕಾಣದ ನಾಯಕನ ಸಿಟ್ಟು, ಪ್ರೇಮ, ಹೊಟ್ಟೆನೋವು ಎಲ್ಲವನ್ನೂ ಕತ್ತಿನಲ್ಲೇ ತೋರಿಸಬೇಕಂತೆ. ಹೀಗಾಗಿ ಯಾರೇ ಎದುರಾದರೂ ಅವನು ಮೊದಲು ನೋಡುತ್ತಿದ್ದದ್ದು ಕತ್ತನ್ನು.

ಆಫೀಸಿನ ವೀಸಾ, ಕರಾರು ಇತ್ಯಾದಿ ಲೌಕಿಕ ವ್ಯವಹಾರ ನನ್ನದು. ನನ್ನನ್ನು ಅವನು 'ಮಾಯೆಸ್ತ್ರೋ' ಎನ್ನುತ್ತಿದ್ದ. ಅದು ನನಗೆ 'ಮಾಷ್ಟ್ರೇ' ಎಂದೇ ಕೇಳಿಸಿ, ಗಂಭೀರವಾಗಿ ಓಗೊಡುತ್ತಿದ್ದೆ. ಅವರ ಕಡೆ ಪ್ಲಂಬರನನ್ನೂ ಹಾಗೇ ಕರೆಯುತ್ತಾರೆಂದು ಆಮೇಲೆ ತಿಳಿಯಿತು. ಬಂದ ಗೌರವವನ್ನು ವಾಪಸ್ ಕಳಿಸುವುದುಂಟೇ?

ಅವನ ಮೊದಲ ಕೆಲಸ, ಕಟ್ಟಡ ಕಾರ್ಮಿಕರಿಗೆ ಬಿಸಿಲಿನ ಎಚ್ಚರಿಕೆ ಹೇಳುವ ಕಿರುಚಿತ್ರ. ಅದು ಪಾಸಾದರೆ ನೌಕರಿ ಕಾಯಂ, ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದು. ಇಲ್ಲವಾದರೆ ವಾಪಸ್ ವಿಮಾನ.

ಚಿತ್ರ ಮಾಡಿಸಿದ ಕಂಪನಿಯ ಸುರಕ್ಷತಾ ಅಧಿಕಾರಿ ನೋಡಲು ಬಂದರು. ಯುರೋಪಿನವರು, ಗಲ್ಫಿಗೆ ತೀರಾ ಹೊಸಬರು. ಪರದೆಯ ಮೇಲೆ ಫೋರ್‌ಮನ್ "ನೀರು ಕುಡಿದೆಯಾ?" ಎಂದು ಕೇಳಿದ. ಕಾರ್ಮಿಕ ತಲೆಯನ್ನು ಮೆಲ್ಲಗೆ ಎಡಬಲಕ್ಕೆ ಓಲಾಡಿಸಿದ.

"ನಿಲ್ಲಿಸಿ! ಇವನು ಇಲ್ಲ ಅನ್ನುತ್ತಿದ್ದಾನೆ. ನೀರು ಕುಡಿಯದವನನ್ನು ಬಿಸಿಲಿಗೆ ಕಳಿಸುವುದೇ?" ಎಂದರು ಅಧಿಕಾರಿ.

ಪಕ್ಕದಲ್ಲಿದ್ದ ಪುತ್ತೂರಿನ ಎಡಿಟರ್ ನನ್ನ ಕಿವಿಯಲ್ಲಿ, "ಅಯ್ಯೋ ಮಾರಾಯ್ರೆ, ಅದು ನಿಮ್ಮದೇ ತಲೆ ಅಲ್ವಾ? ಮೀಟಿಂಗಲ್ಲಿ ನೀವು ಹೀಗೇ ಮಾಡುದು!" ಎಂದ.

ನೋಡಿದರೆ ಹೌದು. ನನ್ನ ಅಪ್ಪಣೆಯಿಲ್ಲದೆ ನನ್ನ ಕತ್ತು ಕಲಾಸೇವೆ ಮಾಡಿತ್ತು.

ಚಿತ್ರಕಾರ ಬಿಳುಚಿಕೊಂಡು ನನ್ನ ಕಡೆ ತಿರುಗಿದ. "ಮಾಯೆಸ್ತ್ರೋ, ನೀವೇ ಹೇಳಿ. ಇದು ಹೌದು ತಾನೇ?"

ಎದ್ದುನಿಂತು ಕೋಟಿನ ಗುಂಡಿ ಹಾಕಿಕೊಂಡೆ. ದಕ್ಷಿಣ ಭಾರತೀಯರ ಶಿರಶ್ಚಾಲನೆಯ ಕುರಿತ ಉಪನ್ಯಾಸವೊಂದು ಮನಸ್ಸಿನಲ್ಲಿ ಸಿದ್ಧವಾಗಿತ್ತು. ಬಾಯಿ ತೆರೆಯುವ ಮೊದಲೇ ತಲೆ ಉತ್ತರ ಕೊಟ್ಟುಬಿಟ್ಟಿತು: ಎಡಬಲಕ್ಕೆ, ಪರದೆಯ ಮೇಲಿದ್ದಂತೆಯೇ.

ಎಡಿಟರ್ ಮೇಜಿನ ಕೆಳಗೆ ಬಾಗಿ ಏನನ್ನೋ ಹುಡುಕತೊಡಗಿದ. ಅಧಿಕಾರಿ ಒಮ್ಮೆ ನನ್ನನ್ನು, ಒಮ್ಮೆ ಪರದೆಯನ್ನು ನೋಡಿದರು.

"ನಿಮ್ಮವರೆಲ್ಲ ಹೌದು ಅನ್ನುವುದು ಹೀಗೆಯೇ?"

"ಹೌದು," ಎಂದೆ, ಈ ಸಲ ಕತ್ತನ್ನು ಬಿಗಿಹಿಡಿದು.

"ಹಾಗಾದರೆ ನಿನ್ನೆ ಸೈಟಿನಲ್ಲಿ ನಾನು ಬೈದದ್ದು ಒಪ್ಪಿಕೊಂಡವರನ್ನೇ!" ಎಂದು ಅವರು ನಗತೊಡಗಿದರು. ಕೊನೆಗೆ ತಾವು ಕಲಿತಿದ್ದ ಏಕೈಕ ಅರಬ್ಬಿ ಪದವನ್ನು ಪ್ರಯೋಗಿಸಿದರು: "ಖಲಾಸ್. ತಲೆ ಹಾಗೇ ಇರಲಿ."

ಕಾಯಂ ಕರಾರನ್ನು ಆ ಮಧ್ಯಾಹ್ನ ನಾನೇ ಟೈಪ್ ಮಾಡಿದೆ. ಸಹಿ ಹಾಕಿದ ಚಿತ್ರಕಾರ ಹೆಂಡತಿಗೆ ಫೋನ್ ಮಾಡಿದ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ, ಎಬ್ಬಿಸಿಯೇ ಹೇಳಿದ. ಫೋನಿಡುತ್ತಲೇ, "ಅಲ್ ಹಿಲಾಲ್ ಕಡೆ ಮೂವರಿಗೆ ಸಾಕಾಗುವ ಮನೆ ಸಿಗಬಹುದೇ?" ಎಂದ.

"ಯಲ್ಲಾ, ನಡಿ, ಈಗಲೇ ನೋಡಿ ಬರೋಣ," ಎಂದು ಕಾರಿನ ಕೀ ಎತ್ತಿಕೊಂಡೆ.