ಕಡಲ ನೀರಿಗೊಂದು ತಾಮ್ರದ ಕೊಡ

ಮಲಾಡ್ ಮಾರ್ಕೆಟ್ಟಿನಲ್ಲಿ ಬಸವಂತಪ್ಪನ ಪಾತ್ರೆ ಅಂಗಡಿಗೆ ಅಲ್ಯೂಮಿನಿಯಂ ಕಾಲಿಟ್ಟಿರಲಿಲ್ಲ. ಬೆಳಗಾವಿಯಿಂದ ಬಂದು ಇಪ್ಪತ್ತೆರಡು ವರ್ಷ ತಾಮ್ರ, ಹಿತ್ತಾಳೆ ಮಾರಿದ ಆಸಾಮಿ. ಅಲ್ಯೂಮಿನಿಯಂ ಪಾತ್ರೆ ಕೇಳಿದ ಗಿರಾಕಿಯನ್ನು, ಮನೆಯಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂಬಂತೆ ಕನಿಕರದಿಂದ ನೋಡುತ್ತಿದ್ದ. ಒಳ್ಳೆಯ ಮನುಷ್ಯನೇ. ಆದರೆ ತಾಮ್ರದ ಮಾತು ಬಂತೆಂದರೆ ಎದುರಿಗಿದ್ದವರ ಬಾಯಿ ಮುಚ್ಚಿಸದೆ ಬಿಡುತ್ತಿರಲಿಲ್ಲ.

ಐವತ್ತಾರನೇ ಇಸವಿಯ ಚಳಿಗಾಲದಲ್ಲಿ ಹಿಂದಿನ ಗಲ್ಲಿಯ ಹೊಲಿಗೆ ಟೀಚರ್ ಶೀಲಾವತಿ ಒಂದು ಮಣ್ಣಿನ ಮಡಕೆ ಹಿಡಿದುಕೊಂಡು ಅಂಗಡಿಗೆ ಬಂದರು. ಮಂಗಳೂರು ಕಡೆಯವರು, ಒಂಟಿ ಜೀವ.

“ಇದರ ತಳಕ್ಕೆ ಒಂದು ತೂತು ಕೊರೆದು ಕೊಡ್ಲಿಕ್ಕೆ ಆಗ್ತದಾ ಬಸವಂತಪ್ಪನವರೇ? ನೀರು ಸೋಸ್ಲಿಕ್ಕೆ.”

“ಮಡಕ್ಯಾಗ ಸೋಸಿದ ನೀರು ಕುಡೀತೀರೇನ್ರಿ ಬಾಯಾರ?”

“ನನಗಲ್ಲ. ಮೀನಿಗೆ.”

ಬಸವಂತಪ್ಪ ತಬ್ಬಿಬ್ಬಾದ. ಮೀನು ಮಾರ್ಕೆಟ್ಟಿನ ಮುಂದೆ ಮೂಗು ಮುಚ್ಚಿಕೊಂಡು ಓಡುವ ಲಿಂಗಾಯತ ಅವನು. ಮೀನನ್ನು ತಿನ್ನುವವರುಂಟೆಂದು ಗೊತ್ತಿತ್ತು; ಅದಕ್ಕೆ ನೀರು ಸೋಸಿ ಕೊಡುವವರೂ ಇದ್ದಾರೆಂಬುದು ಹೊಸ ಸುದ್ದಿ. ನಂಬಿಕೆ ಬರದೆ ಅಂಗಡಿ ಬಿಟ್ಟು ಅವರ ಖೋಲಿಗೇ ಹೋದ.

ಮೇಜಿನ ಮೇಲೆ ಒಂದು ಮೊಳ ಉದ್ದದ ಗಾಜಿನ ಪೆಟ್ಟಿಗೆ. ಒಳಗೆ ಕಡಲ ನೀರು, ಬಿಳಿ ಪಟ್ಟೆಯ ಒಂದು ಕಿತ್ತಳೆ ಮೀನು, ಬೆರಳು ಬೆರಳಾಗಿ ತೂಗಾಡುವ ಒಂದು ಹೂ. ಹಡಗಿನಲ್ಲಿ ಕೆಲಸ ಮಾಡುವ ತಮ್ಮನೊಬ್ಬ ಎರಡನ್ನೂ ಕೊಲಂಬೊದಿಂದ ಭರಣಿಯಲ್ಲಿ ತಂದು ಕೊಟ್ಟಿದ್ದನಂತೆ. ಹೂವೆಂದರೆ ಹೂವಲ್ಲ, ಅದಕ್ಕೂ ಬಾಯಿದೆ, ಅದೂ ತಿನ್ನುತ್ತದೆ ಎಂದು ಟೀಚರ್ ಹೇಳಿದಾಗ ಬಸವಂತಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಮೀನು ಮಾತ್ರ ಆ ಹೂವಿನ ಮಡಿಲಲ್ಲೇ ಮಲಗುತ್ತಿತ್ತು, ಅದನ್ನು ಬಿಟ್ಟು ಗೇಣು ದೂರ ಹೋಗುತ್ತಿರಲಿಲ್ಲ.

ಹನ್ನೊಂದು ತಿಂಗಳು ಚೆನ್ನಾಗಿದ್ದ ಹೂ ಈಗ ದಿನದಿನಕ್ಕೆ ಮುದುಡುತ್ತಿತ್ತು. ಪ್ರತಿ ಭಾನುವಾರ ಮಾರ್ವೆಯ ಕಡಲತೀರದಿಂದ ಬಾಟ್ಲಿಗಳಲ್ಲಿ ಹೊಸ ನೀರು ತಂದರೂ ಪೆಟ್ಟಿಗೆ ಕದಡಿಕೊಳ್ಳುತ್ತಿತ್ತು. ಮೋಟಾರಿನ ಸೋಸುವ ಯಂತ್ರ ವಿಲಾಯಿತಿಯಿಂದ ಬರಲು ಐದು ತಿಂಗಳು ಬೇಕೆಂದು ಫೋರ್ಟ್ ಪೇಟೆಯ ಅಂಗಡಿಯವರು ಹೇಳಿದ್ದರು. ಹೂ ಐದು ವಾರ ತಾಳಿದರೆ ಹೆಚ್ಚು, ಹೂ ಹೋದರೆ ಮೀನಿಗೆ ಮನೆಯಿಲ್ಲ. ಅದಕ್ಕೇ ಈ ಮಡಕೆ: ಒಳಗೆ ಮರಳು, ಇದ್ದಿಲು, ಬಟ್ಟೆ; ಪೆಟ್ಟಿಗೆಯ ನೀರನ್ನೇ ಮೊಗೆದು ಹೊಯ್ದರೆ ಸೋಸಿ ಕೆಳಗಿಳಿಯಬೇಕು.

“ಮಡಕಿ ಬಿಡ್ರಿ,” ಎಂದ ಬಸವಂತಪ್ಪ. “ತಾಮ್ರದಾಗ ಮಾಡಿಕೊಡ್ತೀನಿ.”

“ತಾಮ್ರ ಆಗ್ತದಾ? ಒಳಗೆ ತವರದ ಕಲಾಯಿ ಹಾಕ್ಸಬೇಕೋ ಏನೋ?”

“ನೀರಿಗ್ಯಾಕ್ರೀ ಕಲಾಯಿ? ಕಲಾಯಿ ಹಾಕಿದ್ರ ತಾಮ್ರದ ಗುಣಾ ಎಲ್ಲಾ ಮುಚ್ಚಿ ಹೋಗ್ತದ. ಮಂದಿಗೆ ಛಲೋ ಆಗಿದ್ದು ಮೀನಿಗೆ ಹ್ಯಾಂಗ ಕೆಟ್ಟ ಆಗ್ತದ?”

ಟೀಚರ್ ಮಡಕೆಯನ್ನು ಮೂಲೆಗಿಟ್ಟರು. ಪಾತ್ರೆಯ ವಿಷಯದಲ್ಲಿ ಪಾತ್ರೆಯವನಿಗಿಂತ ತನಗೆ ಹೆಚ್ಚು ಗೊತ್ತಿದೆಯೇ ಎಂದುಕೊಂಡಿರಬೇಕು.

ಮೂರು ದಿನ ಬಸವಂತಪ್ಪ ತಾನೇ ಸುತ್ತಿಗೆ ಹಿಡಿದು ಕೂತ. ಸಣ್ಣ ಕೊಡ, ಅದರ ತಳದಿಂದ ನೀರಿನೊಳಗೆ ಇಳಿಯುವ ನೀಳ ಕೊಳವೆ. ಹುಣಸೆಹಣ್ಣಿನಿಂದ ತಿಕ್ಕಿ ಮುಖ ಕಾಣುವ ಹಾಗೆ ಹೊಳಪಿಸಿದ. ಶನಿವಾರ ಸಂಜೆ ಪೆಟ್ಟಿಗೆಯ ಮೇಲೆ ತಾನೇ ಕೂರಿಸಿ ಬಂದ. ಅಷ್ಟು ಚೆಂದದ ಕೆಲಸ ಅವನು ಹೆಂಡತಿಗೂ ಮಾಡಿಕೊಟ್ಟಿರಲಿಲ್ಲ.

ಹೊಗಳಿಕೆ ಕೇಳುವ ಆಸೆ ತಡೆಯಲಾರದೆ ಗುರುವಾರ ಮತ್ತೆ ಹೋದ. ಬಾಗಿಲಲ್ಲೇ ಕೊಳೆತ ವಾಸನೆ ಬಡಿಯಿತು. ಪೆಟ್ಟಿಗೆಯ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಹೂ ಇರಲಿಲ್ಲ.

“ಬೆಳಿಗ್ಗೆ ಕರಗಿ ಹೋಯ್ತು,” ಎಂದರು ಶೀಲಾವತಿ. ಅತ್ತು ಅತ್ತು ಅವರ ಕಣ್ಣು ಊದಿಕೊಂಡಿತ್ತು. “ಮೊದಲೇ ಅದಕ್ಕೆ ತ್ರಾಣ ಇರ್ಲಿಲ್ಲ. ಮೀನೊಂದು ಉಂಟು, ನೋಡಿ, ನಿಮ್ಮ ಕೊಳವೆಗೇ ಅಂಟಿಕೊಂಡಿದೆ. ಪುಣ್ಯ ಬರ್ಲಿ ನಿಮಗೆ. ಇದೊಂದು ಇಲ್ಲದಿದ್ರೆ ಪಾಪ, ಎಲ್ಲಿಗೆ ಹೋಗ್ತಿತ್ತು?”

ಬಸವಂತಪ್ಪ ಬಗ್ಗಿ ನೋಡಿದ. ಮೀನು ಕೊಳವೆಗೆ ಮೈ ಉಜ್ಜಿ ಉಜ್ಜಿ ನಿಲ್ಲುತ್ತಿತ್ತು. ಅದು ಉಜ್ಜುತ್ತಿದ್ದ ಕಡೆಯೆಲ್ಲ ಹಸಿರು ಕಿಲುಬು.

ಕಿಲುಬೆಂದರೆ ವಿಷ. ಕಲಾಯಿಯಿಲ್ಲದ ತಾಮ್ರದಲ್ಲಿ ಹುಳಿ ಇಡಬೇಡಿ, ಉಪ್ಪು ಇಡಬೇಡಿ ಎಂದು ಇಪ್ಪತ್ತೆರಡು ವರ್ಷ ಒಬ್ಬ ಗಿರಾಕಿಗೂ ಹೇಳದೆ ಕಳಿಸಿದವನಲ್ಲ. ಕಡಲೆಂದರೆ ಉಪ್ಪು! ಹಾಲು ಕುಡಿಯುವ ಕೂಸಿಗೂ ಗೊತ್ತು. ಟೀಚರ್ ಬಾಯಿಬಿಟ್ಟು ಕೇಳಿಯೂ ಇದ್ದರು. ನೀರು ಎಂಬ ಒಂದೇ ಮಾತು ಹಿಡಿದುಕೊಂಡು ತಾನು ಅವರ ಬಾಯಿ ಮುಚ್ಚಿಸಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ಬಾಯಾರ,” ಎಂದ, “ಹೂ ತಾನಾಗಿ ಹೋಗಿಲ್ರಿ. ನಾ ಕೊಂದೀನಿ. ತಾಮ್ರ ಉಪ್ಪಿಗೆ ಕಿಲುಬು ಬಿಟ್ಟದ. ನೀರೆಲ್ಲಾ ವಿಷಾ.”

ಶೀಲಾವತಿ ಬೈಯುತ್ತಾರೆಂದು ಅವನು ಕಾದ. ಅವರು ಬೈಯಲಿಲ್ಲ, ಮೂಲೆಯಲ್ಲಿದ್ದ ಬಾಟ್ಲಿಗಳನ್ನು ಚೀಲಕ್ಕೆ ತುಂಬಿಕೊಂಡು, ಚಪ್ಪಲಿ ಮೆಟ್ಟಿ, ಮಾರ್ವೆಯ ಬಸ್ಸಿಗೆ ಓಡಿದರು.

ಬಸವಂತಪ್ಪ ತೋಳು ಮೇಲೇರಿಸಿ, ಹುಟ್ಟಿದ ಮೇಲೆ ಮೊದಲ ಸಲ ಮೀನಿದ್ದ ನೀರಿಗೆ ಕೈಯಿಳಿಸಿದ. ಇನ್ನೊಂದು ಕೈಯಿಂದ ಕೊಡವನ್ನು ಎತ್ತಿದ. ಕೊಳವೆಯ ಜೊತೆಗೇ ಮೀನೂ ಮೇಲೆ ಬಂತು, ನೀರು ಮುಗಿಯುವವರೆಗೆ ಬಂದು ಹಿಂದಿರುಗಿತು. ಹೂವೂ ಕೊಳವೆಯೂ ಇಲ್ಲದ ಪೆಟ್ಟಿಗೆಯಲ್ಲಿ ಎರಡು ಸುತ್ತು ಹಾಕಿತು. ಆಮೇಲೆ ಸೀದಾ ಬಂದು ಅವನ ಬೆರಳುಗಳ ನಡುವೆ ಮೈಯೊತ್ತಿ ಮಲಗಿತು. ಕೈ ಹೊರಗೆ ತೆಗೆಯುವ ಧೈರ್ಯ ಅವನಿಗಾಗಲಿಲ್ಲ.