ಅತ್ತೆಯ ಮಾತಿಗೆ ಅಕ್ಷರ

ನನ್ನ ಮಾವನಿಗೆ ಕಿವಿ ಪೂರ್ತಿ ಕೇಳಿಸದಂತಾದ ಮೇಲೆ ಅವರು ಧಾರವಾಡ ಬಿಟ್ಟು ಪವಾಯಿಯ ನಮ್ಮ ಮನೆಗೆ ಬಂದರು. ಅತ್ತೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮಾವನ ಕಿವಿಗೆ ಮಷೀನು ಕೊಡಿಸಿದೆವು. ಅದರಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ ಎಂದು ಬಿಚ್ಚಿ ಡಬ್ಬಿಯಲ್ಲಿಟ್ಟರು. ಆಮೇಲೆ ಕೆಳಗೆ ಅಕ್ಷರ ಮೂಡುವ ಸಿನಿಮಾಗಳನ್ನಷ್ಟೇ ನೋಡತೊಡಗಿದರು.

ಒಂದು ಸಿನಿಮಾದಲ್ಲಿ ಅಕ್ಷರಗಳು ಮಾತಿಗಿಂತ ತಡವಾಗಿ ಬರುತ್ತಿದ್ದವು. ನಾಯಕ ಸತ್ತ ಮೇಲೆ ಅವನ ಕೊನೆಯ ಮಾತು ಬರುತ್ತಿತ್ತು. ಇದನ್ನು ಸರಿಮಾಡಲು ಆಗುತ್ತದೆಯೇ ಎಂದು ಮಾವ ಕೇಳಿದರು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮನೆಯ ಫೈಲು ತೆರೆಯುವಂತಿರಲಿಲ್ಲ. ಮೊಬೈಲಿನ ಫೈಲ್ ಮ್ಯಾನೇಜರಿನಲ್ಲಿ ಆ ಸಬ್‌ಟೈಟಲ್ ಫೈಲನ್ನು ಒತ್ತಿ ನೋಡಿದೆ. ಟೆಕ್ಸ್ಟ್ ಆಗಿ ತೆರೆಯಲೇ ಎಂದು ಅದು ಕೇಳಿತು. ಹೂಂ ಎಂದೆ. ಫೈಲ್ ಮ್ಯಾನೇಜರಿನೊಳಗೇ ಒಂದು ಬಿಳಿ ಹಾಳೆ ತೆರೆದುಕೊಂಡಿತು. ಮಾತು ಶುರುವಾಗುವ ಸಮಯ, ಮುಗಿಯುವ ಸಮಯ, ಕೆಳಗೆ ಮಾತು, ಇಷ್ಟೇ. ಅಕ್ಷರ ದಪ್ಪ ಮಾಡುವುದು, ಬಣ್ಣ ಹಾಕುವುದು ಯಾವುದೂ ಇರಲಿಲ್ಲ. ಫೋರ್ಟ್‌ನ ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಸಮಯಗಳನ್ನು ಒಂದೊಂದಾಗಿ ಹಿಂದೆ ಸರಿಸಿದೆ. ಕುರ್ಲಾದಲ್ಲಿ ಯಾರದೋ ಮೊಣಕೈ ತಾಗಿ, ಸೇವ್ ಮಾಡದ ಕೆಲಸವೆಲ್ಲ ಹೋಯಿತು. ಮಾರನೆಯ ದಿನ ಮತ್ತೆ ಮಾಡಿದೆ.

ಇದನ್ನು ಕಂಡು ಹೆಂಡತಿ ತನ್ನ ಮೊಬೈಲಿನಿಂದ ಒಂದು ವಿಡಿಯೋ ಕಳಿಸಿದಳು. ಧಾರವಾಡದ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತ, ಬಾಗಿಲಲ್ಲಿ ನಿಂತ ಮಾವನೊಂದಿಗೆ ಮಾತಾಡುತ್ತಿದ್ದರು.

"ಅಪ್ಪ ಇದನ್ನ ದಿನಾ ನೋಡ್ತಾರ. ಅವ್ವನ ಮಾತು ಕೇಳಸೂದಿಲ್ಲ. ನೀವು ಬರದು ಕೊಡ್ರಿ," ಎಂದಳು.

ನಾನು ಮೈಸೂರಿನವನು. ಬರೆಯುವುದೆಂದರೆ ಶುದ್ಧವಾಗಿ ಬರೆಯಬೇಕು ಎಂದು ಕಲಿತವನು. ಹೊಸ ಫೈಲು ಮಾಡಿ, ಅತ್ತೆಯ ಮಾತನ್ನು ಮತ್ತೆ ಮತ್ತೆ ಕೇಳಿ, "ಬೇಗ ಬನ್ನಿ, ರೊಟ್ಟಿ ತಣ್ಣಗಾಗುತ್ತಿದೆ" ಎಂದು ಬರೆದೆ. ಒಂದು ಕಡೆ ಕುಕ್ಕರ್ ಕೂಗಿ ಮಾತು ಮುಳುಗಿಹೋಗಿತ್ತು. ಅಲ್ಲಿ "ಕೇಳಿಸುತ್ತಿಲ್ಲ" ಎಂದು ಹಾಕಿದೆ.

ಭಾನುವಾರ ಮಾವ ಅಕ್ಷರ ಸಮೇತ ವಿಡಿಯೋ ನೋಡಿದರು. ಮುಗಿದ ಮೇಲೆ ಕನ್ನಡಕ ಒರೆಸಿಕೊಂಡರು.

"ಅಳಿಯಂದ್ರ, ಇಕಿ ಯಾರು?"

ನಾನು ಮೊಬೈಲಿನಲ್ಲಿ ಖಾಲಿ ಹಾಳೆ ತೆಗೆದು "ಅತ್ತೆ" ಎಂದು ಬರೆದು ತೋರಿಸಿದೆ.

"ಮಾರಿ ಅಕೀದು. ಮಾತು ನಿಮ್ಮ ಮೈಸೂರು ಕಡೀದು. ಅಕಿ ನನಗ ಒಮ್ಮೆನೂ ಬನ್ನಿ ಅಂದಾಕಿ ಅಲ್ಲ. ಬನ್ನಿ ಅಂದ್ರ ನಮ್ಮಲ್ಲಿ ದಸರಾಕ್ಕ ಕೊಡೂ ಎಲಿ."

ಇಬ್ಬರೂ ಸೋಫಾದ ಮೇಲೆ ಕೂತು ತಿದ್ದಿದೆವು. ಅವರು ಅತ್ತೆಯ ತುಟಿ ನೋಡಿ ಹೇಳಿದರು, ನಾನು ಬರೆದೆ. "ಲಗೂನ ಬರ್ರಿ, ರೊಟ್ಟಿ ಆರತಾವ." ಕುಕ್ಕರ್ ಕೂಗುವ ಜಾಗ ಬಂತು.

"ಇಲ್ಲೆ ಯಾಕ ಕೇಳಿಸುತ್ತಿಲ್ಲ ಅಂತ ಬರದೀರಿ? ನನಗ ಕೇಳಸೂದಿಲ್ಲ. ನಿಮಗ ಏನಾಗೇದ?"

ಕುಕ್ಕರಿನ ವಿಷಯ ಬರೆದು ತೋರಿಸಿದೆ. ಅವರು ಆ ಭಾಗವನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು.

"ಬರಕೋರಿ. ನಿಮ್ಮನ್ನ ಬಿಟ್ಟು ನಾ ಎಂದಾದರೂ ಉಂಡೇನೇನ್ರಿ."

ಬರೆದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಬಂದ ಹೆಂಡತಿ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. ವಿಡಿಯೋ ತೆಗೆದವಳು ಅವಳೇ. ಅಂದು ಅತ್ತೆಯ ಪಕ್ಕದಲ್ಲೇ ನಿಂತಿದ್ದಳು.

"ಅಲ್ಲೆ ಅವ್ವ ನನಗ ಗ್ಯಾಸ್ ಬಂದ್ ಮಾಡು ಅಂದಿದ್ಲು," ಎಂದಳು. ಮಾವನ ಬೆನ್ನ ಹಿಂದೆಯೇ ನಿಂತು ಹೇಳಿದಳು, ಅವರಿಗೆ ಗೊತ್ತಾಗಲಿಲ್ಲ.

"ತಿದ್ದಲಾ?" ಎಂದೆ.

ಅವಳು ಸ್ವಲ್ಪ ಹೊತ್ತು ಅಪ್ಪನನ್ನು ನೋಡಿದಳು. "ಬ್ಯಾಡ. ಸೇವ್ ಮಾಡ್ರಿ."

ಮಾಡಿದೆ. ಮಾವ ಮೊದಲಿನಿಂದ ನೋಡಿದರು. ಆ ಸಾಲು ಬಂದಾಗ ಗಟ್ಟಿಯಾಗಿ ಓದಿದರು. ಕಿವಿ ಕೇಳದವರ ಗಟ್ಟಿ ದನಿ ಅದು. ಎದುರು ಫ್ಲಾಟಿನ ಮರಾಠಿ ಅಜ್ಜಿ ಬಂದು ಏನಾಯಿತೆಂದು ವಿಚಾರಿಸಿದರು. ಏನಿಲ್ಲ, ಊಟಕ್ಕೆ ಕರೆಯುತ್ತಿದ್ದಾರೆ ಎಂದು ಹೆಂಡತಿ ಹಿಂದಿಯಲ್ಲಿ ಹೇಳಿದಳು. ತಮ್ಮ ಊಟ ಆಗಲೇ ಆಯಿತೆಂದು ಹೇಳಿ ಅಜ್ಜಿ ಬಾಗಿಲು ಹಾಕಿಕೊಂಡರು.